ವಾಸನೆಯಿಲ್ಲದ ಇಪ್ಪತ್ತೆರಡು ಪುಟ

ಓದುಗ ಮಹಾಜನರ ಸನ್ನಿಧಾನದಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ: ಕೆಳಗಿನ ಎಲ್ಲ ಸಾಲುಗಳ ಏಕೈಕ ಕರ್ತೃವಾದ ಫಾಲಾಕ್ಷನೆಂಬ ನಾನು, ಈ ದಿನ ಬೆಳಗ್ಗೆ ಎಂಟೂ ಇಪ್ಪತ್ತಕ್ಕೆ, ಸ್ವಂತ ಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ, ಎರಡು ತಟ್ಟೆಇಡ್ಲಿಯನ್ನೂ ಒಂದು ಉದ್ದಿನ ವಡೆಯನ್ನೂ ತಿಂದಿರುತ್ತೇನೆ. ವಡೆಯನ್ನು ಚಟ್ನಿಗೆ ಅದ್ದಿದ್ದೇನೆಯೇ ಹೊರತು ಸಾಂಬಾರಿನಲ್ಲಿ ಮುಳುಗಿಸಿಲ್ಲ. ಅನುಮಾನವಿದ್ದವರು ಈ ಪುಟವನ್ನು ಮೂಗಿನ ಹತ್ತಿರ ಹಿಡಿದು ಖಾತ್ರಿ ಮಾಡಿಕೊಳ್ಳತಕ್ಕದ್ದು.

ನಮ್ಮೂರಿನಲ್ಲಿ ಎಂಥ ಬರಹವೂ ಹೀಗೆಯೇ ಶುರುವಾಗಬೇಕು. ಬರೆಯುವವರು ಕೊನೆಯದಾಗಿ ಏನು ತಿಂದಿರುತ್ತಾರೋ ಅದರ ವಾಸನೆ ಅಕ್ಷರಕ್ಕೆ ಹತ್ತಿಕೊಳ್ಳುತ್ತದೆ, ಮತ್ತೆ ಬಿಡುವುದಿಲ್ಲ. ತಾಲ್ಲೂಕು ಕಚೇರಿಯ ಹಳೆಯ ಗುಮಾಸ್ತರೊಬ್ಬರು ಮೂವತ್ತು ವರ್ಷ ಮಧ್ಯಾಹ್ನಕ್ಕೆ ಚಿತ್ರಾನ್ನವನ್ನೇ ತಂದದ್ದರಿಂದ ಊರಿನ ಅರ್ಧ ಜಮೀನಿನ ಪಹಣಿಗಳು ಇವತ್ತಿಗೂ ನಿಂಬೆಹುಳಿ ವಾಸನೆ ಹೊಡೆಯುತ್ತವೆ. ಪ್ರೇಮಪತ್ರ ಬರೆಯುವವರು ಮೊದಲು ಏಲಕ್ಕಿ ಬಾಳೆಹಣ್ಣು ತಿಂದು ಕೂರುತ್ತಾರೆ. ನಮ್ಮ ಚಿಕ್ಕಪ್ಪ ಅವಸರದಲ್ಲಿ ಮೂಲಂಗಿ ಹುಳಿ ಉಂಡು ಬರೆದ. ಚಿಕ್ಕಮ್ಮ ಅವನನ್ನು ಮದುವೆಯಾದಳು ನಿಜ, ಆದರೆ ಆ ಕಾಗದವನ್ನು ಮಾತ್ರ ಮನೆಯೊಳಗೆ ಬಿಟ್ಟುಕೊಂಡಿಲ್ಲ. ಇನ್ನು ಹಸಿದವರ ಬರಹಕ್ಕೆ ವಾಸನೆಯೇ ಇರುವುದಿಲ್ಲ. ಏಕಾದಶಿ ಮಾಡುವವರೂ ರೋಜಾ ಹಿಡಿದವರೂ ಹಗಲು ಹೊತ್ತು ಸಹಿ ಹಾಕಲು ಹೋಗುವುದಿಲ್ಲ. ಹಾಕಿದರೂ ಅದು ಯಾರದ್ದೂ ಅಲ್ಲ.

ಕಂಪ್ಯೂಟರ್ ಬಂದಾಗ ಈ ಕಾಟ ತಪ್ಪೀತೆಂದು ಹಲವರು ಆಸೆಪಟ್ಟರು. ತಪ್ಪಲಿಲ್ಲ. ಫೈಲು ತೆರೆದರೆ ಪರದೆಯಿಂದಲೇ ಒಗ್ಗರಣೆ ಘಮ್ಮೆನ್ನುತ್ತದೆ. ಆಮೇಲೆ ನಮ್ಮ ವಿಶ್ವವಿದ್ಯಾಲಯಕ್ಕೆ, ಹತ್ತು ಜನ ಹತ್ತು ಕಡೆ ಕೂತು ಒಂದೇ ಫೈಲಿನಲ್ಲಿ ಬರೆಯುವ ಆನ್‌ಲೈನ್ ವ್ಯವಸ್ಥೆ ಬಂತು. ಸುತ್ತೋಲೆಯಲ್ಲಿ ಅದನ್ನು 'ಪಾಲುಕಡತ' ಎಂದು ಕರೆದರು. ನಾವು ಹುಡುಗರು ಪಾಲುಫೈಲು ಎಂದೆವು. ಪಾಲು ಎಲ್ಲರಿಗೂ, ಫೈಲು ಯಾರಾದರೊಬ್ಬರಿಗೆ ಎಂಬುದು ಆಗಲೇ ನಮಗೆ ಅರ್ಥವಾಗಿತ್ತು.

ಸಹಕಾರಶಾಸ್ತ್ರದ ಪ್ರೊಫೆಸರ್ ನಂಜುಂಡಾರಾಧ್ಯರು ಆ ವರ್ಷ ಮೂವರು ಮೂವರಿಗೊಂದು ಗುಂಪು ಬರಹ ಕೊಟ್ಟರು. ನೆಗಡಿಯಾದರೆ ಮೌಲ್ಯಮಾಪನ ಕೆಡುತ್ತದೆಂದು ಏಪ್ರಿಲ್ ಬಿಸಿಲಿನಲ್ಲೂ ಮಫ್ಲರ್ ಬಿಗಿದುಕೊಂಡು ಓಡಾಡುವ ಮನುಷ್ಯ. ಯಾರು ಎಷ್ಟು ಬರೆದರೆಂದು ಮೂಗಿಗೆ ತಿಳಿಯಬೇಕಲ್ಲ, ಅದಕ್ಕೆ ಒಂದು ಗುಂಪಿನಲ್ಲಿ ಒಂದೇ ಅಡುಗೆಮನೆಯ ಇಬ್ಬರನ್ನು ಹಾಕುತ್ತಿರಲಿಲ್ಲ. ಹಾಗಾಗಿ ಮನೆಯಲ್ಲಿ ಉಣ್ಣುವ ನಾನು, ರೂಮು ಮಾಡಿಕೊಂಡು ಹೋಟೆಲಿನಲ್ಲಿ ತಿನ್ನುವ ಉಮಾಪತಿ, ಹಾಸ್ಟೆಲ್ ಮೆಸ್ಸಿನ ಭಾಗೀರಥಿ ಒಂದು ಗುಂಪಾದೆವು. ವಿಷಯ: 'ಹಾಲಿನ ಸಂಘಗಳಲ್ಲಿ ಸಹಕಾರ'. ಅಂಕ ಇಪ್ಪತ್ತು. ಸೊನ್ನೆ ಬಂದವರು ವಾರ್ಷಿಕ ಪರೀಕ್ಷೆಗೆ ಕೂರುವಂತಿಲ್ಲ.

ಕ್ಯಾಂಟೀನಿನಲ್ಲಿ ಮೊದಲ ಸಭೆ ಸೇರಿತು. ಸಭೆಗೆ ನಾನೇ ಅಧ್ಯಕ್ಷ, ಯಾಕೆಂದರೆ ಮೊದಲು ಬಾಯಿಬಿಟ್ಟವನು ನಾನು.

"ನೋಡಿ, ನಾನು ಉಪಸಂಹಾರ ನೋಡ್ಕೋತೀನಿ. ಉಮಾಪತಿ ಮುಖಪುಟ ಡಿಸೈನ್ ಮಾಡ್ಲಿ. ಮಧ್ಯದ್ದು..." ಎಂದು ನಾನು ಭಾಗೀರಥಿಯ ಕಡೆ ನೋಡಿದೆ.

"ಮಧ್ಯದ್ದು ಅಂದ್ರೆ ಎಲ್ಲಾದೂ ತಾನೆ?" ಎಂದಳು.

"ಹಾಗಲ್ಲ. ನೀನು ಶುರು ಮಾಡು, ನಾವು ಬಂದು ಸೇರ್ಕೋತೀವಿ."

"ಆಯ್ತು. ಆದ್ರೆ ಸೇರ್ಕೊಳ್ಳಿ ಮತ್ತೆ. ನಂಗೆ ಈ ವರ್ಷ ಪಾಸಾಗ್ಲೇಬೇಕು. ನಮ್ಮೂರ ಹಾಲಿನ ಡೇರಿಲಿ ಸೆಕ್ರೆಟರಿ ಜಾಗ ಜೂನ್ ತನಕ ನಂಗೋಸ್ಕರ ಹಿಡ್ಕೊಂಡವ್ರೆ. ಆಮೇಲೆ ಇನ್ಯಾರಿಗಾದ್ರೂ ಕೊಡ್ತಾರೆ."

"ಡೇರಿ ಸೆಕ್ರೆಟರಿ ಅಂದ್ಮೇಲೆ ವಿಷಯ ನಿಂಗೇ ಚೆನ್ನಾಗಿ ಗೊತ್ತು ಬಿಡು," ಎಂದ ಉಮಾಪತಿ. ಅವಳನ್ನು ಹೊಗಳಿದಂತೆಯೂ ಆಯಿತು, ಕೆಲಸ ದಾಟಿಸಿದಂತೆಯೂ ಆಯಿತು.

ಮೂರು ವಾರ ನಾನು ಆ ಫೈಲನ್ನು ದಿನಾ ತೆರೆದು ನೋಡಿದ್ದೇನೆ. ನೋಡಲಿಲ್ಲ ಎಂದು ಯಾರೂ ನನ್ನ ಮೇಲೆ ಆಪಾದನೆ ಹೊರಿಸಕೂಡದು. ಭಾಗೀರಥಿಯ ಹತ್ತಿರ ಲ್ಯಾಪ್‌ಟಾಪ್ ಇರಲಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಇನ್ನೂರು ಜನಕ್ಕೆ ಎಂಟು ಕಂಪ್ಯೂಟರು. ಅವು ಖಾಲಿಯಾಗುತ್ತಿದ್ದದ್ದು ಹಾಸ್ಟೆಲಿನಲ್ಲಿ ಊಟದ ಗಂಟೆ ಹೊಡೆದಾಗ ಮಾತ್ರ. ಎಲ್ಲರೂ ತಟ್ಟೆ ಹಿಡಿದು ಮೆಸ್ಸಿಗೆ ಓಡುವ ಆ ಒಂದು ಗಂಟೆ ಅವಳು ಲ್ಯಾಬಿಗೆ ಓಡುತ್ತಿದ್ದಳು. ಅದೇ ಹೊತ್ತಿಗೆ ಮನೆಯಲ್ಲಿ ನಾನು ಊಟಕ್ಕೆ ಕೂರುತ್ತಿದ್ದೆ. ತಟ್ಟೆಯ ಪಕ್ಕ ಲ್ಯಾಪ್‌ಟಾಪು. ಪರದೆಯ ಮೇಲೆ ಅವಳ ಹೆಸರು ಹೊತ್ತ ಸಣ್ಣ ಕಡ್ಡಿಯೊಂದು ಮಿಣುಕುತ್ತ, ಅಕ್ಷರದ ಹಿಂದೆ ಅಕ್ಷರ ಎಳೆದುಕೊಂಡು ಬಲಕ್ಕೆ ಹೋಗುತ್ತಿತ್ತು. ನಾನು ಸಾರನ್ನಕ್ಕೆ ತುಪ್ಪ ಹಾಕಿಸಿಕೊಳ್ಳುವಷ್ಟರಲ್ಲಿ ಒಂದು ಪ್ಯಾರಾ, ಮಜ್ಜಿಗೆಗೆ ಬರುವಷ್ಟರಲ್ಲಿ ಇನ್ನೊಂದು. ಕೈ ತೊಳೆದುಕೊಂಡು ಬಂದು ಪಕ್ಕದಲ್ಲಿ ಹೆಬ್ಬೆರಳಿನ ಚಿತ್ರವೊಂದನ್ನು ಹಾಕುತ್ತಿದ್ದೆ. ಕೈ ತೊಳೆದುಕೊಳ್ಳುವುದರಲ್ಲಿ ನಾನು ಆಗಲೇ ಪಳಗಿದ್ದೆ.

ಅವಳು ಊಟ ಬಿಟ್ಟು ಬರೆಯುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಆಮೇಲೆ ಬಹಳ ಜನಕ್ಕೆ ಹೇಳಿದ್ದೇನೆ. ಗೊತ್ತಿತ್ತು.

ಸಲ್ಲಿಸುವ ದಿನ ಮಧ್ಯಾಹ್ನ ಉಮಾಪತಿ ಹೋಟೆಲಿನಿಂದ ಫೋನ್ ಮಾಡಿದ. "ಲೋ ಫಾಲಾಕ್ಷ, ಬಾರೋ ಇಲ್ಲಿ. ಫೈಲ್ ತೆಗ್ದು ಮೂಸ್ದೆ ಕಣೋ. ಏನೂ ಬರ್ತಿಲ್ಲ."

ನಾನು ಹೋಗಿ ಮೂಸಿದೆ. ಇಪ್ಪತ್ತೆರಡು ಪುಟ. ಯಾವ ಹಳ್ಳಿಯಲ್ಲಿ ಎಷ್ಟು ಹಸು, ಯಾರು ನೀರು ಬೆರೆಸಿದರು, ಯಾವ ಹೆಂಗಸು ಅದನ್ನು ಸಭೆಯಲ್ಲಿ ಎದ್ದುನಿಂತು ಕೇಳಿದಳು, ಎಲ್ಲವೂ ಇತ್ತು. ಮೆಸ್ಸಿನ ಬೇಳೆಸಾರಿನ ವಾಸನೆ ಒಂದೇ ಒಂದು ಕೊಂಬಿನಲ್ಲೂ ಇರಲಿಲ್ಲ.

"ಹಿಂಗೇ ಕೊಟ್ರೆ ಮೇಷ್ಟ್ರು ಮೂರ್ಜನಕ್ಕೂ ಸೊನ್ನೆ ಸುತ್ತುತಾರೆ," ಎಂದ ಉಮಾಪತಿ.

ಆಗ ನಾನು ಹೇಳಿದ ಮಾತನ್ನು ಇಲ್ಲಿ ಬರೆಯಲೇಬೇಕು. "ಸುಮ್ನೆ ಒಂಚೂರು ವಾಸನೆ ಹಚ್ಚೋಣ. ಗುಂಪು ಉಳೀಬೇಕಲ್ಲ." ಗುಂಪಿನ ಹೆಸರಿನಲ್ಲಿ ಮನುಷ್ಯ ಎಂಥ ಕೆಲಸವನ್ನೂ ಮಾಡಬಲ್ಲ. ನಾನು ಒಂದು ಮಸಾಲೆ ದೋಸೆ ತಿಂದೆ, ಉಮಾಪತಿ ಎರಡು ಮೊಸರುವಡೆ ತಿಂದ; ಯಾವ ತಿಂಡಿ ಯಾರದ್ದೆಂದು ಮುಖಪುಟದಲ್ಲಿ ಬರೆದೆವು. ಇಬ್ಬರೂ ಪುಟಗಳನ್ನು ಹಂಚಿಕೊಂಡು ಸಾಲಿಗೊಂದು ಪದ ಬದಲಾಯಿಸುತ್ತ ಹೋದೆವು. ಒಂದು ಪದ ಸಾಕು, ಈರುಳ್ಳಿ ಪಲ್ಯದ ವಾಸನೆ ಇಡೀ ಸಾಲಿಗೆ ಹಬ್ಬುತ್ತದೆ. 'ಆದರೆ' ಇದ್ದಲ್ಲಿ 'ಆದಾಗ್ಯೂ' ಬಂತು. 'ಹಾಲು' ಹೋಗಿ 'ಕ್ಷೀರ' ಆಯಿತು. 'ನೀರು ಬೆರೆಸಿದರು' ಎಂಬುದು 'ಜಲಮಿಶ್ರಣಗೈದರು' ಆಯಿತು. ನಾವೂ ಅವಳ ಹಾಲಿಗೆ ಅದನ್ನೇ ಮಾಡುತ್ತಿದ್ದೇವೆಂದು ಇಬ್ಬರಿಗೂ ಹೊಳೆದಿರಬೇಕು, ಯಾಕೆಂದರೆ ಆ ಪುಟದಲ್ಲಿ ಯಾರೂ ಮಾತಾಡಲಿಲ್ಲ.

"ಅವಳಿಗೊಂದ್ ಮಾತು ಹೇಳೋದಲ್ವೇನೋ?" ಎಂದ ಉಮಾಪತಿ, ಹತ್ತನೇ ಪುಟದಲ್ಲಿ.

"ಈಗ ಮೆಸ್ ಟೈಮು. ಪಾಪ, ಊಟಕ್ಕೆ ಹೋಗಿರ್ತಾಳೆ. ಯಾಕೆ ತೊಂದ್ರೆ ಕೊಡೋದು."

ಊಟಕ್ಕೆ ಹೋಗಿರಲಿಲ್ಲ. ನಾವು ಇಪ್ಪತ್ತೆರಡನೇ ಪುಟಕ್ಕೆ ಬಂದಾಗ ಅವಳ ಹೆಸರಿನ ಕಡ್ಡಿ ಅಲ್ಲೇ, ಕೊನೆಯ ಸಾಲಿನ ತುದಿಯಲ್ಲಿ, ಮಿಣುಕುತ್ತಿತ್ತು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ. ಅಲುಗಾಡಲಿಲ್ಲ, ಒಂದು ಅಕ್ಷರ ಒತ್ತಲಿಲ್ಲ. ನಾನು ಅವಳ ಕೊನೆಯ ಸಾಲಿನ 'ಕರು'ವನ್ನು ಅಳಿಸಿ 'ಗೋವತ್ಸ' ಮಾಡಿದೆ. ಕಡ್ಡಿ ಇನ್ನೆರಡು ಸಲ ಮಿಣುಕಿ ಹೋಯಿತು. ಉಮಾಪತಿ ಕಾಫಿ ಹೇಳಿದ. ನಾನು 'ಸಲ್ಲಿಸಿ' ಒತ್ತಿದೆ.

ಮುಂದಿನ ಸೋಮವಾರ ತರಗತಿಯಲ್ಲಿ ನಂಜುಂಡಾರಾಧ್ಯರು ಅಂಕ ಓದಿದರು. "ಫಾಲಾಕ್ಷ, ಹದಿನೆಂಟು. ದೋಸೆ ಹದವಾಗಿ ಬಂದಿದೆ. ಉಮಾಪತಿ, ಹದಿನೇಳು. ಭಾಗೀರಥಿ, ಸೊನ್ನೆ." ಕನ್ನಡಕ ತೆಗೆದು ಅವಳನ್ನು ಹುಡುಕಿದರು. "ಏನಮ್ಮಾ, ಇಪ್ಪತ್ತೆರಡು ಪುಟದಲ್ಲಿ ಹಾಸ್ಟೆಲ್ ಸಾರಿನ ವಾಸನೆ ಒಂದು ಗೆರೆಲೂ ಇಲ್ಲ. ನೀನು ಮಾಡಿದ್ದಾದ್ರೂ ಏನು?"

"ಬರೆದೆ ಸರ್."

"ಯಾವಾಗ?"

"ಊಟದ ಹೊತ್ತಲ್ಲಿ."

ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ನಗಬೇಕೆಂದು ನಕ್ಕದ್ದಲ್ಲ, ಎಲ್ಲರೂ ನಗುವಾಗ ಒಬ್ಬನೇ ಸುಮ್ಮನಿದ್ದರೆ ಎದ್ದು ಕಾಣುತ್ತೇನೆಂದು ನಕ್ಕೆ. ಅವಳು ಒಂದು ಸಲವೂ ಹಿಂತಿರುಗಿ ನಮ್ಮ ಬೆಂಚಿನ ಕಡೆ ನೋಡಲಿಲ್ಲ. ನೋಡಿದ್ದರೆ ಒಂದಿಷ್ಟು ಹಗುರಾಗುತ್ತಿತ್ತು.

ಮನೆಯಲ್ಲಿ ಅಮ್ಮ ಅಕ್ಕಪಕ್ಕದವರಿಗೆಲ್ಲ ಹದಿನೆಂಟರ ಸುದ್ದಿ ಮುಟ್ಟಿಸಿದಳು. ನನ್ನ ಮಗ ಬರೆದರೆ ಸಾಕು ಹೋಟೆಲಿನ ಘಮಲು ಬರುತ್ತದೆ ಎಂದು ಹೇಳಿಕೊಂಡಳು. ನಾನು ತಲೆ ತಗ್ಗಿಸಿದ್ದನ್ನು ವಿನಯ ಎಂದುಕೊಂಡರು. ನಾಚಿಕೆಗೂ ವಿನಯಕ್ಕೂ ಕುತ್ತಿಗೆ ಒಂದೇ ಕೋನದಲ್ಲಿ ಬಗ್ಗುತ್ತದೆ, ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಊಟಕ್ಕೆ ಕೂತರೆ ಪಕ್ಕದಲ್ಲಿ ಆ ಕಡ್ಡಿ ಮಿಣುಕಿದ ಹಾಗಾಗುತ್ತಿತ್ತು. ಲ್ಯಾಪ್‌ಟಾಪನ್ನು ತೆಗೆದು ಬೀರುವಿನಲ್ಲಿಟ್ಟೆ. ಆದರೂ ಮಿಣುಕಿತು.

ನಾಲ್ಕನೇ ದಿನ ಹಾಸ್ಟೆಲಿನ ಗೇಟಿನ ಹತ್ತಿರ ಹೋಗಿ ನಿಂತೆ. ಭಾಗೀರಥಿ ಬಕೆಟ್ಟಿನಲ್ಲಿ ಒಗೆದ ಬಟ್ಟೆ ಹಿಡಿದು ಬರುತ್ತಿದ್ದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದೆಲ್ಲ ಅವಳನ್ನು ಕಂಡೊಡನೆ ಚೆಲ್ಲಿಹೋಯಿತು.

"ಗುಂಪಿಗೋಸ್ಕರ ಅಂತ..." ಎಂದು ಶುರುಮಾಡಿದೆ.

"ಒಂದು ಕೇಳ್ಲಾ?" ಎಂದಳು. "ಆದಾಗ್ಯೂ ಗೀದಾಗ್ಯೂ ಎಲ್ಲಾ ಆಯ್ತು. ಕರುನ ಯಾಕೆ ಗೋವತ್ಸ ಮಾಡ್ದೆ? ನಮ್ಮೂರಲ್ಲಿ ಯಾವ ಹಸು ಗೋವತ್ಸ ಹಾಕಿದ್ದು ನೋಡಿದ್ದೀಯ?"

ನಾನು ಬಕೆಟ್ಟಿನ ಕಡೆ ನೋಡಿದೆ.

"ಅದು ನಾನು ಮನೇಲಿ ಕಂಡಿದ್ದು. ಆ ಕರು ಹುಟ್ಟಿದ ದಿನ ನಾನೇ ಹಿಡ್ಕೊಂಡಿದ್ದೆ. ಅದನ್ನಾದ್ರೂ ಬಿಡ್ಬಹುದಿತ್ತು."

"ನಾನು ಒಪ್ಕೋತೀನಿ," ಎಂದೆ. ಅದು ಹೇಗೆ ಬಾಯಿಗೆ ಬಂತೋ. "ಮರುಮೂಸುವಿಕೆಗೆ ಅರ್ಜಿ ಹಾಕು. ನಾನೇ ಬಂದು ಸಾಕ್ಷಿ ಬರೀತೀನಿ."

ಅವಳು ಬಕೆಟ್ ಕೆಳಗಿಟ್ಟಳು. "ನಿನ್ನ ಹದಿನೆಂಟು ಹೋಗುತ್ತೆ. ಪರೀಕ್ಷೆಗೆ ಬಿಡಲ್ಲ ನಿನ್ನ."

"ಹೋಗ್ಲಿ."

"ನಾಳೆ ಇದೇ ಮಾತಲ್ಲಿ ಇರ್ತೀಯಾ?"

"ಇರ್ತೀನಿ."

ಇದನ್ನು ಹೇಳುವಾಗ ನನಗೆ ಸ್ವಲ್ಪ ಹೆಮ್ಮೆಯೂ ಆಯಿತೆಂದು ಒಪ್ಪಿಕೊಳ್ಳಬೇಕು. ತಪ್ಪು ಮಾಡುವಾಗ ಇಲ್ಲದ ಗತ್ತು ತಪ್ಪೊಪ್ಪಿಕೊಳ್ಳುವಾಗ ಎಲ್ಲಿಂದಲೋ ಬಂದುಬಿಡುತ್ತದೆ. ಉಮಾಪತಿಗೆ ಹೇಳಿದರೆ ಅವನು, "ನಿನ್ನ ಉಪಸಂಹಾರ ನೀನು ಬರ್ಕೋ ಮಾರಾಯ, ನನ್ನ ಹೆಸರು ಎತ್ತಬೇಡ," ಎಂದು ವಡೆಗೆ ಮೊಸರು ಹಾಕಿಸಿಕೊಂಡ.

ಮರುಮೂಸುವಿಕೆಯ ಕ್ರಮ ಹೀಗೆ. ಹೊಸ ಪಾಲುಕಡತವೊಂದನ್ನು ಹನ್ನೊಂದು ಗಂಟೆಗೆ ತೆರೆಯುತ್ತಾರೆ. ಸಮಿತಿಯ ಮೂವರು ಪಕ್ಕದ ಕೋಣೆಯಲ್ಲಿ ಕೂರುತ್ತಾರೆ, ಮುಖ ನೋಡಿ ಪಕ್ಷಪಾತ ಆಗಬಾರದೆಂದು. ಅರ್ಜಿದಾರರು ಒಂದು ಪ್ಯಾರಾ, ಸಾಕ್ಷಿ ಹೇಳುವವರು ಒಂದು ಪ್ಯಾರಾ ಬರೆಯಬೇಕು. ಹನ್ನೊಂದೂವರೆಗೆ ಕಡತ ತಾನೇ ಮುಚ್ಚಿಕೊಳ್ಳುತ್ತದೆ, ಆ ವರ್ಷಕ್ಕೆ ಮತ್ತೆ ತೆರೆಯುವುದಿಲ್ಲ. ಹೆಸರು ಬರೆಯುವ ಜಾಗವೇ ಅದರಲ್ಲಿಲ್ಲ. ಹೆಸರನ್ನು ಯಾರು ಬೇಕಾದರೂ ಟೈಪ್ ಮಾಡಬಹುದು, ಇನ್ನೊಬ್ಬರ ಊಟವನ್ನು ಮಾಡಲಾಗುವುದಿಲ್ಲ ಎಂಬುದು ವಿಶ್ವವಿದ್ಯಾಲಯದ ನಂಬಿಕೆ.

ಆ ದಿನ ನಾನು ಮನೆಯಲ್ಲಿ ಉಪ್ಪಿಟ್ಟು ತಿಂದು, ಮಧ್ಯಾಹ್ನಕ್ಕೆಂದು ಅಮ್ಮ ಕಟ್ಟಿದ ಡಬ್ಬಿ ಹಿಡಿದು ಹತ್ತೂವರೆಗೇ ಹೋದೆ. ಭಾಗೀರಥಿ ಲ್ಯಾಬಿನ ಮೆಟ್ಟಿಲ ಮೇಲೆ ಕೂತಿದ್ದಳು. ಮುಖ ಬಿಳಿಚಿಕೊಂಡಿತ್ತು.

"ತಿಂಡಿ ಆಯ್ತಾ?" ಎಂದೆ.

"ಎಲ್ಲಿ. ಎಂಟು ಗಂಟೆಯಿಂದ ಆಫೀಸಲ್ಲಿ ಅರ್ಜಿ ಚೀಟಿಗೋಸ್ಕರ ನಿಂತಿದ್ದೆ. ಈಗ ಸಿಕ್ತು. ಮೆಸ್ ಮುಚ್ಚಿದೆ."

ಹಸಿದು ಬರೆದರೆ ಅರ್ಜಿಯೂ ಯಾರದ್ದೂ ಅಲ್ಲದ್ದಾಗುತ್ತದೆ. ಡಬ್ಬಿ ತೆಗೆದು ಅವಳ ಮುಂದಿಟ್ಟೆ. ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಮುಚ್ಚಳ ತೆಗೆದೊಡನೆ ಹುರಿದ ಕಡಲೆಬೀಜ, ಎಳ್ಳಿನ ಘಮಲು ಮೆಟ್ಟಿಲೆಲ್ಲ ಹರಡಿತು. ಅವಳು ರೊಟ್ಟಿ ಮುರಿದು ಕೈಯಲ್ಲೇ ಹಿಡಿದು ಕೂತಳು.

"ತಿನ್ನು, ಹೊತ್ತಾಗುತ್ತೆ."

"ನಿನ್ನ ಡಬ್ಬಿ ಖಾಲಿ ಮಾಡಿ ನಾನೊಬ್ಳೇ ತಿಂದ್ರೆ ಗಂಟ್ಲಲ್ಲಿ ಇಳಿಯಲ್ಲ ನಂಗೆ. ನೀನೂ ತಿನ್ನು."

"ನಂದಾಗಿದೆ."

"ಆಗಿದ್ರೆ ಏನಂತೆ. ನಮ್ಮನೇಲಿ ಒಬ್ರನ್ನ ಕೂರ್ಸಿಟ್ಟು ಒಬ್ರು ತಿನ್ನಲ್ಲ." ಇನ್ನೊಂದು ರೊಟ್ಟಿಗೆ ಎಣ್ಣೆಗಾಯಿ ಬಡಿಸಿ ನನ್ನ ಕೈಗೆ ಕೊಟ್ಟಳು.

ನನ್ನಿಂದ ಬೇಡವೆನ್ನಲಾಗಲಿಲ್ಲ. ಮೂರು ವಾರ ಅವಳನ್ನು ಹಸಿವಿನಲ್ಲಿಟ್ಟು ಎದುರಿಗೇ ಉಂಡವನ ಕೈಗೆ ಅವಳೇ ರೊಟ್ಟಿ ಇಟ್ಟಿದ್ದಳು. ಅದು ಕ್ಷಮೆಯೇ ಎಂದುಕೊಂಡೆ. ತಲೆಯೆತ್ತದೆ ತಿಂದೆ. ಇಬ್ಬರೂ ಡಬ್ಬಿ ಒರೆಸಿದೆವು, ಒಂದೇ ನಲ್ಲಿಯಲ್ಲಿ ಕೈ ತೊಳೆದೆವು. ನಮ್ಮೂರಿನ ಮೂರು ವರ್ಷದ ಮಗುವಿಗೂ ತಿಳಿದಿರುವ ಸಂಗತಿಯೊಂದು ಆ ಹತ್ತು ನಿಮಿಷ ಅವಳಿಗೆ ಹಸಿವಿನಿಂದ, ನನಗೆ ನಾಚಿಕೆಯಿಂದ ಮರೆತೇಹೋಗಿತ್ತು.

ಒಳಗೆ ಹೋಗಿ ಎರಡು ಕಂಪ್ಯೂಟರಿನ ಮುಂದೆ ಕೂತೆವು. ಅವಳು ಮೂರೇ ಸಾಲು ಬರೆದಳು: ಇಪ್ಪತ್ತೆರಡು ಪುಟವನ್ನೂ ನಾನೇ ಬರೆದೆ, ಊಟದ ಹೊತ್ತಿನಲ್ಲಿ ಬರೆದೆ, ದಯವಿಟ್ಟು ಪರೀಕ್ಷೆಗೆ ಬಿಡಿ. ಅದರ ಕೆಳಗೆ ನಾನು, ನನ್ನ ಜೀವನದಲ್ಲಿ ಅಷ್ಟು ನೆಟ್ಟಗೆ ಯಾವತ್ತೂ ಬರೆಯದವನು, ಬರೆದೆ: 'ಆ ಬರಹದಲ್ಲಿ ಒಂದಕ್ಷರವೂ ನನ್ನದಲ್ಲ. ಇನ್ನೊಬ್ಬರು ಹಸಿದು ಬರೆದದ್ದರ ಮೇಲೆ ನಾನು ಬರೀ ನನ್ನ ವಾಸನೆ ಹಚ್ಚಿದ್ದೇನೆ. ನಾನು ಮೋಸ ಮಾಡಿದ್ದೇನೆ. ಅಂಕಕ್ಕೆ ನಾನು ಅರ್ಹನಲ್ಲ.' ಆಮೇಲೆ 'ಅರ್ಹನಲ್ಲ' ಎಂಬುದು ದೊಡ್ಡ ಮಾತಾಯಿತೆನಿಸಿ 'ಅಂಕ ನನಗೆ ಬೇಡ' ಎಂದು ತಿದ್ದಿದೆ. ಪಕ್ಕದಿಂದ ಭಾಗೀರಥಿ ಅದನ್ನು ಓದಿ, "ಈಗ ಸರಿಯಾಗಿ ಬರ್ದೆ ನೋಡು," ಎಂದಳು. ಕಡತ ಮುಚ್ಚಿತು.

ಸಮಿತಿಯ ಕೋಣೆಯ ಬಾಗಿಲು ಹನ್ನೆರಡಕ್ಕೆ ತೆರೆಯಿತು. ಅಧ್ಯಕ್ಷರು ನಂಜುಂಡಾರಾಧ್ಯರೇ. ಮಫ್ಲರ್ ಸಡಿಲಿಸಿ, ಗಂಟಲು ಸರಿಮಾಡಿಕೊಂಡು ಓದಿದರು. "ಕಡತದಲ್ಲಿರುವ ಎರಡೂ ಬರಹಗಳು ಅಕ್ಕಿರೊಟ್ಟಿ ಮತ್ತು ಎಣ್ಣೆಗಾಯಿಯವು. ಕಡಲೆಬೀಜ, ಎಳ್ಳು, ಉಪ್ಪು ಒಂದೇ ಹದದಲ್ಲಿವೆ. ಆದ್ದರಿಂದ ಎರಡನ್ನೂ ಬರೆದವರು ಒಬ್ಬರೇ ಎಂದು ಸಮಿತಿ ಒಮ್ಮತದಿಂದ ತೀರ್ಮಾನಿಸಿದೆ."

ನಾನು ಬಾಗಿಲ ಹತ್ತಿರ ಹೋದೆ. "ಸರ್, ಎರಡನೇದು ನಾನು ಬರೆದಿದ್ದು. ಇಬ್ರೂ ಒಂದೇ ಡಬ್ಬೀಲಿ ತಿಂದ್ವಿ ಸರ್. ನಾನು ಇಲ್ಲೇ ನಿಮ್ಮೆದುರಿಗೇ ನಿಂತಿದ್ದೀನಲ್ಲ."

"ನಿಂತಿದ್ದೀರಿ, ನಂಗೂ ಕಾಣುತ್ತೆ," ಎಂದರು ಬಹಳ ಸಮಾಧಾನದಿಂದ. "ಆದ್ರೆ ಕಡತದಲ್ಲಿ ನೀವು ನಿಂತಿಲ್ಲ. ನಾವು ಕಣ್ಣಿಗೆ ಬೆಲೆ ಕೊಡೋಕೆ ಶುರು ಮಾಡಿದ್ರೆ ನಾಳೆ ಎಲ್ರೂ ಬಂದು ನಿಲ್ತಾರೆ." ಮತ್ತೆ ಓದಿದರು. "ಮೊದಲ ಬರಹದಲ್ಲಿ ಅರ್ಜಿದಾರಳು ಎಲ್ಲವನ್ನೂ ತಾನೇ ಬರೆದೆನೆಂದು ಹೇಳಿದ್ದಾಳೆ. ಎರಡನೆಯ ಬರಹದಲ್ಲಿ ಒಂದಕ್ಷರವೂ ತನ್ನದಲ್ಲ, ತಾನು ಮೋಸ ಮಾಡಿದ್ದೇನೆ, ಅಂಕ ತನಗೆ ಬೇಡ ಎಂದು ತಾನಾಗಿಯೇ ಒಪ್ಪಿಕೊಂಡಿದ್ದಾಳೆ. ಕೊನೆಯಲ್ಲಿ ಬರೆದದ್ದೇ ನಿಜವೆಂದು ಭಾವಿಸತಕ್ಕದ್ದು. ಸೊನ್ನೆ ಕಾಯಂ ಮಾಡಲಾಗಿದೆ."

ಭಾಗೀರಥಿ ಆ ಹಾಳೆಯನ್ನು ಇಸಿದುಕೊಂಡು ನಿಧಾನವಾಗಿ ಓದಿದಳು. ನನ್ನ ಕಡೆ ತಿರುಗಿದಾಗ ಬೈಯುತ್ತಾಳೆಂದುಕೊಂಡೆ. "ಮೋಸ ಮಾಡಿದ್ದು ಕೂಡ ನನ್ನ ಲೆಕ್ಕಕ್ಕೇ ಬಂತಲ್ಲೋ," ಎಂದಳು ಅಷ್ಟೇ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಟಿಯ ಜೊತೆ ಇಟ್ಟುಕೊಂಡು ಮೆಟ್ಟಿಲಿಳಿದಳು. ಜೂನ್ ಬರಲು ಹದಿನೈದು ದಿನವಿತ್ತು.

ನಾನು ಅಲ್ಲೇ ನಿಂತಿದ್ದೆ. ನಂಜುಂಡಾರಾಧ್ಯರು ಮಫ್ಲರ್ ಬಿಗಿದುಕೊಂಡು ಹೊರಗೆ ಬಂದವರು ನನ್ನ ಮುಖ ನೋಡಿ ಮರುಗಿದರು. ಹೆಗಲ ಮೇಲೆ ಕೈಯಿಟ್ಟರು.

"ಯಾಕೆ ಹೆದರ್ತೀರಿ ಫಾಲಾಕ್ಷ," ಎಂದರು. "ನಿಮ್ಮ ಹದಿನೆಂಟಕ್ಕೆ ಏನೂ ತೊಂದ್ರೆ ಆಗಿಲ್ಲ."